ಟ್ವೀಟರಿನ ವೈರು

ಗಂಡ ರಿಟೈರಾದರೆ ಮನೆಯಲ್ಲಿ ಒಂದು ಕುರ್ಚಿ ಬೇಗ ಸವೆಯುತ್ತದೆ, ಅದಕ್ಕಿಂತ ಹೆಚ್ಚಿನ ತ್ರಾಸೇನೂ ಇರುವುದಿಲ್ಲ ಎಂದು ಕಸ್ತೂರೆಮ್ಮ ತಿಳಿದಿದ್ದಳು. ಅವಳ ಗಂಡ ಗೋವಿಂದರಾಜ ಯಲಬುರ್ಗಾದ ಸರಕಾರಿ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಒಳಹೊಕ್ಕು, ಬೇರೆ ಗುಮಾಸ್ತರ ಮೇಲೆ ಒದರುವ ಗುಮಾಸ್ತನಾಗಿ ಹೊರಬಿದ್ದವನು. ಅಂಥವನು ಮನೆಯಲ್ಲಿ ಕೂತು ಏನು ಮಾಡಿಯಾನು? ಪೇಪರು ಓದಿಯಾನು, ಎರಡು ಸಲ ಹೆಚ್ಚಿಗೆ ಚಹಾ ಕೇಳಿಯಾನು. ಆದರೆ ರಿಟೈರಾದ ಮರುತಿಂಗಳೇ, ಅದು ೨೦೦೭ನೇ ಇಸವಿ, ಅವನು ಕೊಪ್ಪಳಕ್ಕೆ ಹೋಗಿ ಒಂದು ಸ್ಟೀರಿಯೊ ಸೆಟ್ಟು ಕೊಂಡು ಬಂದ. ಒಂದು ಆಂಪ್ಲಿಫೈಯರು, ಒಂದು ಸಿಡಿ ಪ್ಲೇಯರು, ಎದೆಮಟ್ಟ ಬರುವ ಎರಡು ಬಾಕ್ಸು. ಬಾಕ್ಸುಗಳನ್ನು ಟಂಟಂ ಆಟೋದಿಂದ ಇಳಿಸುವಾಗ ಅವನ ಮುಖದಲ್ಲಿದ್ದ ಹಿಗ್ಗು ಮಗಳು ಹುಟ್ಟಿದಾಗಲೂ ಇರಲಿಲ್ಲ, ಆ ಮಗಳನ್ನು ಕುಷ್ಟಗಿಗೆ ಮದುವೆ ಮಾಡಿ ಕಳಿಸಿದಾಗಲೂ ಇರಲಿಲ್ಲ.

ಸೆಟ್ಟನ್ನು ಪಡಸಾಲೆಯಲ್ಲಿ ಇಟ್ಟರು. ಆ ಪಡಸಾಲೆಯೂ ಅವನದೇ ತಲೆ. ನೆಲಕ್ಕೆ ಟೈಲ್ಸು, ಸೊಂಟದವರೆಗೆ ಗೋಡೆಗೂ ಟೈಲ್ಸು. ಬಂದವರಿಗೆ ಇದು ಕೂಡುವ ಜಾಗವೋ ಬಚ್ಚಲೋ ಎಂದು ಅನುಮಾನ ಬರುವಂತಿತ್ತು. ಅಂಥಲ್ಲಿ ಒಂದು ಚಮಚ ಬಿದ್ದರೂ ಮನೆಯೆಲ್ಲ ಗಣಗಣ ಅನ್ನುತ್ತಿತ್ತು. ಗೋವಿಂದರಾಜ ಸಿಡಿ ಹಾಕಿದ. ಬಾಸ್ ಗುಂಡಿಯ ಕಡೆ ನೋಡಲೂ ಇಲ್ಲ. ಹಾಡಿನ ಚೂಪು ಸದ್ದನ್ನು ಏರಿಸುವ ಟ್ರೆಬಲ್ ಗುಂಡಿಯನ್ನು ಹಿಡಿದು ಬಲಕ್ಕೆ ತಿರುಗಿಸಿದ. ಇನ್ನು ತಿರುಗುವುದಿಲ್ಲ ಎನ್ನುವವರೆಗೂ ತಿರುಗಿಸಿದ. ಆಮೇಲೂ ಇನ್ನಷ್ಟು ಹೋದೀತೇನೋ ಎಂದು ಒತ್ತಿ ನೋಡಿದ.

ಕಸ್ತೂರೆಮ್ಮನಿಗೆ ಹಲ್ಲು ಜುಂ ಎಂದವು. ಹಾಡುವವನು ‘ಶಿವ’ ಎಂದರೆ ಕಾದ ಹಂಚಿನ ಮೇಲೆ ನೀರು ಚೆಲ್ಲಿದಂತಾಗುತ್ತಿತ್ತು. ಹಿಂದೆ ಬರುವ ತಾಳವಂತೂ ಹಣೆಯಲ್ಲಿ ಸೂಜಿ ಇಟ್ಟು ಒತ್ತಿದ ಹಾಗೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ತಾಟುಗಳು ತಾವೂ ಒಂದಿಷ್ಟು ಹಾಡಿದವು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

“ಸ್ವಲ್ಪ ಇಳಸ್ರಿ, ತಲಿ ಸಿಡ್ಯಾಕತ್ತೈತಿ” ಎಂದಳು.

“ನಿಮಗೆಲ್ಲ ಕಿವಿ ಇಲ್ಲ. ಧಡಂ ಧಡಂ ಅಂದ್ರ ಅದ ಸಂಗೀತ ನಿಮಗ. ತಾಳ ಕೇಳ್ಬೇಕು, ತಾಳ” ಎಂದ ಗೋವಿಂದರಾಜ.

ತಾಳ ಎಂದರೆ ಅವನ ಪ್ರಾಣ. ಅವನ ಊರು ತಳಕಲ್. ಅಲ್ಲಿ ಹನುಮಪ್ಪನ ಗುಡಿಯ ಭಜನಾ ಮೇಳದಲ್ಲಿ ಅವನು ಮೀಸೆ ಬರುವ ಮುಂಚಿನಿಂದ ತಾಳ ಹೊಡೆಯುತ್ತಿದ್ದ. ನೌಕರಿಗೆಂದು ಯಲಬುರ್ಗಾಕ್ಕೆ ಬಂದ ಮೇಲೂ ಶನಿವಾರದ ಭಜನೆ ತಪ್ಪಿಸಲಿಲ್ಲ. ಅಪ್ಪನಿಂದ ಬಂದ ಕಂಚಿನ ತಾಳದ ಜೋಡಿಯನ್ನು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದ. ಶ್ರಾವಣದಲ್ಲಿ ಆ ಗುಡಿಯಲ್ಲಿ ಸಪ್ತಾಹ. ಏಳು ದಿನ ಹಗಲೂ ರಾತ್ರಿ ಭಜನೆ ನಿಲ್ಲುವಂತಿಲ್ಲ, ತಾಳ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿರಬೇಕು. ಅದರ ಮೊದಲ ತಾಳ ಹೊಡೆಯುವುದು ಗೋವಿಂದರಾಜನ ಮನೆತನದ ಹಕ್ಕು. ಅವನ ಅಪ್ಪ ಹೊಡೆದಿದ್ದ, ಅಜ್ಜ ಹೊಡೆದಿದ್ದ. ಕಚೇರಿಯಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯದೆ ಹೋದ ವರ್ಷಗಳಲ್ಲೂ ಆ ಒಂದು ಬೆಳಗ್ಗೆ ಊರೆಲ್ಲ ಅವನ ಕೈ ಏಳುವುದನ್ನು ಕಾಯುತ್ತಿತ್ತು. ಅದೊಂದು ಹೋದರೆ ಅವನ ಹತ್ತಿರ ಪೆನ್ಶನ್ ಬಿಟ್ಟು ಇನ್ನೇನೂ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಕಸ್ತೂರೆಮ್ಮನಿಗೂ ಗೊತ್ತಿತ್ತು.

ಗೊತ್ತಿದ್ದರೂ ಅವಳಿಗೆ ಅದರ ಮೇಲೆ ಕವಡೆಯಷ್ಟು ಗೌರವ ಇರಲಿಲ್ಲ. ಎರಡು ಕಂಚಿನ ಬಟ್ಟಲು ಒಂದಕ್ಕೊಂದು ಬಡಿಯುವುದಕ್ಕೆ ಇಷ್ಟು ಸೊಕ್ಕು ಬೇಕೇ ಎಂದು ಅವಳ ಪ್ರಶ್ನೆ. ತಾನು ದಿನಾ ಬೆಳಗಾದರೆ ರೊಟ್ಟಿ ಬಡಿಯುತ್ತೇನೆ, ಅದಕ್ಕೂ ಲಯ ಇದೆ, ಅದನ್ನು ಯಾವ ಊರು ಕಾಯುತ್ತದೆ? ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಒಂದು ಸಲವೂ ಸಪ್ತಾಹದಲ್ಲಿ ಗಂಡನ ಎದುರು ಕೂತು ಕೇಳಿರಲಿಲ್ಲ. ಹೋದರೆ ಪ್ರಸಾದದ ಒಲೆಯ ಹತ್ತಿರ ಕೂತು ಬರುತ್ತಿದ್ದಳು.

ಈಗ ಗುಡಿಯೇ ಮನೆಗೆ ಬಂದಿತ್ತು. ಮೇಳದವರು ಒಂದು ವರ್ಷ ಕೊಪ್ಪಳದಲ್ಲಿ ತಮ್ಮ ಭಜನೆ ರೆಕಾರ್ಡು ಮಾಡಿಸಿ ಸಿಡಿ ತಂದಿದ್ದರು. ಗೋವಿಂದರಾಜ ಅದನ್ನೇ ಹಾಕುವುದು, ಟ್ರೆಬಲ್ ಏರಿಸುವುದು, ಕುರ್ಚಿ ಎಳೆದುಕೊಂಡು ಕೂಡುವುದು. ಹಾಡು ಕೇಳುವವರು ಬಾಕ್ಸಿನ ಕಡೆ ಮುಖ ಮಾಡಿ ಕೂಡುತ್ತಾರೆ. ಈ ಪುಣ್ಯಾತ್ಮ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ ಕೂಡುತ್ತಿದ್ದ. ಚಹಾ ಯಾವಾಗ ಬರುತ್ತದೆ ಎಂದು ಕಾಯುವ ಭಂಗಿ ಅದು ಎಂದು ಅವಳು ತೀರ್ಮಾನಿಸಿದ್ದಳು. ಬೇಕಾದದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ ಈ ಮನುಷ್ಯನಿಗೆ. ಕುಕ್ಕರು ಸೀಟಿ ಹೊಡೆದು ಹೊಡೆದು ಸಾಯುತ್ತಿದ್ದರೂ ಎದ್ದು ಹೋಗಿ ಒಲೆ ಆರಿಸಿದವನಲ್ಲ, ಅಷ್ಟು ಸೋಮಾರಿ.

ಅವಳು ಮಾಡಬೇಕಾದದ್ದೆಲ್ಲ ಮಾಡಿದಳು. ಕಿಟಕಿಗೆ ದಪ್ಪ ಪರದೆ ಹಾಕಿದಳು. ನೆಲಕ್ಕೆ ಜಮಖಾನೆ ಹಾಸಿದಳು. ಬಾಕ್ಸಿನ ಮೇಲೆ ಧೂಳು ಕೂಡುತ್ತದೆ ಎಂದು ಹೇಳಿ ಎರಡಕ್ಕೂ ಕೌದಿ ಹೊದಿಸಿದಳು. ಅವ್ವ ಹೊಲಿದ ಹಳೇ ಸೀರೆಗಳ ಕೌದಿ, ಚಳಿಗಾಲದಲ್ಲಿ ಒಂದು ಸಂಸಾರಕ್ಕೆ ಸಾಕಾಗುವಷ್ಟು ದಪ್ಪ. ಸದ್ದು ಸ್ವಲ್ಪ ಮೆತ್ತಗಾಯಿತು. ಗೋವಿಂದರಾಜ ನೋಡಿದವನೇ, “ಇದೇನು ಹೆಣಾ ಮುಚ್ಚಿದಂಗ ಮುಚ್ಚೀದಿ?” ಎಂದು ತೆಗೆದು ಬಿಸಾಡಿದ. ಕಸ ಹೊಡೆಯುವಾಗ ಟ್ರೆಬಲ್ ಗುಂಡಿಯನ್ನು ಅರ್ಧಕ್ಕೆ ತಂದಿಟ್ಟಳು. ಅವನು ಬಂದು ಗುಂಡಿಯ ಮೇಲಿನ ಬಿಳಿ ಗೀರನ್ನು ನೋಡಿ, “ಯಾರು ಮುಟ್ಟಿದ್ರು ಇದನ್ನ?” ಎಂದು ಹಾರಾಡಿದ. ಹಾಡು ಆಗಲೇ ಅರ್ಧ ಮುಗಿದಿತ್ತು. ಅಲ್ಲಿಯತನಕ ಸುಮ್ಮನಿದ್ದವನು ಗೀರು ಕಂಡ ಮೇಲೆ ಹಾರಾಡಿದ್ದು ಅವಳಿಗೆ ವಿಚಿತ್ರವೆನಿಸಿತಾದರೂ, ವಿಚಿತ್ರವಲ್ಲದ ಯಾವುದನ್ನು ಈ ಮನುಷ್ಯ ಮಾಡಿದ್ದಾನೆ ಎಂದುಕೊಂಡು ಬಿಟ್ಟುಬಿಟ್ಟಳು.

ಸಂಕ್ರಾಂತಿ ಕಳೆದ ಮೊದಲ ಶನಿವಾರ ಗೋವಿಂದರಾಜ ತಳಕಲ್ಲಿಗೆ ಹೋದದ್ದೇ ತಡ, ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ, ಟಿವಿ ರಿಪೇರಿ ಮಾಡುವ ಮೌಲಾಹುಸೇನನನ್ನು ಮನೆಗೆ ಕರೆತಂದಳು. ಅವನು ಬಾಕ್ಸಿನ ಹಿಂದಿನ ಹಲಗೆ ಬಿಚ್ಚಿದ. ಕೆಳಗೆ ತಾಟಿನಷ್ಟು ಅಗಲದ ಸ್ಪೀಕರು, ಮೇಲೆ ಲಿಂಬೆಹಣ್ಣಿನ ಹೋಳಿನಷ್ಟು ಸಣ್ಣದೊಂದು ಬೆಳ್ಳಿಬಣ್ಣದ ಸ್ಪೀಕರು.

“ಇದ ನೋಡ್ರಿ ಅಕ್ಕಾರ, ಟ್ವೀಟರ್. ನಿಮ್ಮ ತಲಿ ತಿನ್ನೂದು ಇದ ಒಂದ. ಸಾಹೇಬ್ರಿಗೆ ಹೇಳಿ ಟ್ರೆಬಲ್ ಇಳಿಸಿದ್ರ ಮುಗೀತಲ್ರಿ.”

“ಅವರಿಗೆ ಹೇಳೂದು ಗ್ವಾಡಿಗೆ ಹೇಳೂದು ಎರಡೂ ಒಂದ. ವೈರು ಕತ್ತರಿಸು ತಮ್ಮಾ.”

“ಹಾಡು ಹಚ್ಚಿದ ಕೂಡ್ಲೆ ಗೊತ್ತಾಕ್ಕೈತ್ರಿ ಅವರಿಗೆ. ತಾಳದ ಮಂದಿ ಅವರು.”

“ಗೊತ್ತಾಗ್ಲಿ. ಆಮ್ಯಾಲೆ ನಾನಾತು ಅವರಾತು.”

ಮೌಲಾಹುಸೇನ ಎರಡೂ ಬಾಕ್ಸಿನ ಟ್ವೀಟರಿನ ವೈರು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಹಲಗೆ ಮುಚ್ಚಿ ಹೋದ. ಅವಳು ಸಿಡಿ ಹಾಕಿ ನೋಡಿದಳು. ಗುಂಡಿ ಬಲತುದಿಯಲ್ಲೇ ಇತ್ತು. ಹಾಡು ಕಂಬಳಿಯೊಳಗಿಂದ ಬಂದಂತೆ ಮೆತ್ತಗೆ ಬಂತು, ಹಾರ್ಮೋನಿಯಂ ಗುಂಯ್ ಎಂದಿತು, ತಾಳ ಎಲ್ಲೋ ದೂರದ ಓಣಿಯಲ್ಲಿ ಯಾರೋ ಪಾತ್ರೆ ತೊಳೆದಂತೆ ಕೇಳಿ ಕೇಳದಂತಾಯಿತು. ಆ ಸೆಟ್ಟು ಬಂದಾಗಿನಿಂದ ಮೊದಲ ಸಲ ಅವಳು ಒಂದು ಭಜನೆಯನ್ನು ಪೂರ್ತಿ ಕೇಳಿದಳು.

ಮರುದಿನ ಬೆಳಗ್ಗೆ ಗಂಡ ಊರಿಂದ ಬಂದ. ಬಂದವನೇ ಸಿಡಿ ಹಾಕಿ, ಟ್ರೆಬಲ್ ಗುಂಡಿ ಬಲತುದಿಯಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಕುರ್ಚಿಯಲ್ಲಿ ಕೂತ. ಕಸ್ತೂರೆಮ್ಮ ಜಗಳಕ್ಕೆ ಸಿದ್ಧಳಾಗಿ, ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಗೋವಿಂದರಾಜ ಅವಳನ್ನೇ ಒಂದಿಷ್ಟು ಹೊತ್ತು ನೋಡಿದ. ಆಮೇಲೆ ತೊಡೆ ತಟ್ಟುತ್ತ, “ನೋಡು, ತಾಳ ಹೆಂಗ ಖಣಿಖಣಿ ಅಂತೈತಿ. ಇವತ್ತು ಭಾಳ ಛಲೋ ಬರಾಕತ್ತೈತಿ” ಎಂದ.

ಅವಳು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ತಡೆಯದೆ ಕೊಪ್ಪಳದಲ್ಲಿದ್ದ ತಂಗಿ ಶಿವಲಿಂಗಮ್ಮನಿಗೆ ಫೋನು ಮಾಡಿದಳು.

“ಬಾಯಿ ಕಟ್ಟಿದ ಟ್ವೀಟರಿನ್ಯಾಗ ಖಣಿಖಣಿ ಕೇಳ್ತಾರವಾ ನಿಮ್ಮ ಮಾಮಾರು. ಇಷ್ಟು ವರ್ಷ ಇದ ಕಿವಿ ಹೊತ್ಕೊಂಡು ಊರಿಗೆಲ್ಲ ಬುದ್ಧಿ ಹೇಳಿದ್ರು.”

“ಹೇಳಬ್ಯಾಡಕ್ಕಾ. ಹಂಗ ಇರ್ಲಿ” ಎಂದು ಶಿವಲಿಂಗಮ್ಮನೂ ಉರುಳಾಡಿ ನಕ್ಕಳು.

ಅಲ್ಲಿಂದ ಕಸ್ತೂರೆಮ್ಮನಿಗೆ ಸುಖದ ದಿನಗಳು. ಮನೆಗೆ ಬಂದವರನ್ನೆಲ್ಲ ಗೋವಿಂದರಾಜ ಕುರ್ಚಿಯಲ್ಲಿ ಕೂರಿಸಿ ಸಿಡಿ ಕೇಳಿಸುವನು, “ಟ್ರೆಬಲ್ ಅಂದ್ರ ಇದು” ಎಂದು ಬೆರಳೆತ್ತುವನು. ಬಂದವರು ಚಹಾದ ಋಣಕ್ಕೆ ತಲೆ ಆಡಿಸುವರು. ಅವಳು ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಆ ಬೆರಳನ್ನೂ ಆ ತಲೆಗಳನ್ನೂ ನೋಡಿ ನಗುತ್ತ ಒಳಗೊಳಗೆ ಕೊಬ್ಬುವಳು. ಗಂಡನನ್ನು ಬೈಯುವುದನ್ನೇ ಬಿಟ್ಟಳು. ಬೈಯುವುದಕ್ಕೂ ಒಂದು ಮರ್ಯಾದೆ ಬೇಕು, ಈತ ಅದಕ್ಕೂ ಲಾಯಕ್ಕಿಲ್ಲ ಎನಿಸಿಬಿಟ್ಟಿತ್ತು. ಅವನೋ ಯಾಕೋ ಮೆತ್ತಗಾಗಿದ್ದ. ಒಂದೆರಡು ಸಲ ಬಜಾರದಿಂದ ಅವಳಿಗೆ ಕರದಂಟು ತಂದ. ತಿಂದಳು, ಕರುಣೆ ಮಾತ್ರ ತೋರಿಸಲಿಲ್ಲ.

ಶ್ರಾವಣ ಇನ್ನೇನು ಹತ್ತಿರ ಬಂತು ಎನ್ನುವಾಗ ತಳಕಲ್ಲಿನಿಂದ ಮಾರೆಪ್ಪ ಬಂದ. ಗೋವಿಂದರಾಜನ ಅಣ್ಣನ ಮಗ, ಮೇಳದಲ್ಲಿ ಹಾರ್ಮೋನಿಯಂ ಬಾರಿಸುವವನು, ಮೇಳದ ಹಿರೇತನವೂ ಅವನದೇ. ಗೋವಿಂದರಾಜ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದ. ಕಾಕಾ ಮನೆಯಲ್ಲಿಲ್ಲ ಎಂದು ತಿಳಿದು ಮಾರೆಪ್ಪ ನಿರಾಳವಾಗಿ ಉಸಿರು ಬಿಟ್ಟದ್ದನ್ನು ಕಸ್ತೂರೆಮ್ಮ ಗಮನಿಸಿದಳು.

“ಚಿಗವ್ವ, ಒಂದು ಮಾತು. ಕಾಕಾನ ತಾಳ ಸೀಳು ಬಿಟ್ಟೈತಿ” ಎಂದ.

“ಯಾವಾಗ?”

“ದೀಪಾವಳಿ ಹಿಂದ ಮುಂದ. ಕೈತಪ್ಪಿ ಕಟ್ಟಿ ಮ್ಯಾಲ ಬಿದ್ದಿತ್ತು. ಆವತ್ತಿನಿಂದ ಒಡದ ಗಡಿಗಿ ಬಡದಂಗ ಬಡೀತೈತಿ. ಹಾಡೂ ಮಂದೀಗೆ ಹಾಡಾಕ ಆಗವಲ್ದು. ಕಾಕಾ ಮಾತ್ರ ಕಣ್ಣು ಮುಚ್ಚಿ ಹೊಡದದ್ದ ಹೊಡದದ್ದು. ಊರಾನ ಹುಡುಗ್ರು ನಗಾಕತ್ಯಾರ. ಈ ಸಲ ಮೊದಲ್ನೇ ತಾಳ ಬ್ಯಾರೇದವರ ಕಡಿಂದ ಹೊಡಸೂಣು ಅಂತ ಮಾತು ನಡದೈತಿ. ನೀವ ಹೇಳ್ರಿ ಅವರಿಗೆ.”

“ದೀಪಾವಳಿಯಿಂದ ಇಷ್ಟು ಮಂದಿ ಗಂಡಸರು ಕೂತು ಕೇಳೀರಿ. ಒಬ್ಬರಿಗೂ ಬಾಯಿ ಇದ್ದಿಲ್ಲೇನು?”

“ನಮಗನಿಸ್ತು, ಅವರಿಗೇ ಕೇಳಸ್ತೈತಿ, ತಾವ ಬದಲಿ ಮಾಡ್ತಾರ ಅಂತ” ಎಂದು ಮಾರೆಪ್ಪ ನೆಲ ನೋಡಿದ. ಚಹಾ ಕುಡಿದು, ಕಾಕಾ ಬರುವುದರೊಳಗೆ ಬಸ್ಸು ಹಿಡಿಯಬೇಕೆಂದು ಓಡಿಹೋದ. ಅವನ ಬೆನ್ನನ್ನು ನೋಡುತ್ತ ಕಸ್ತೂರೆಮ್ಮ, ಹೇಡಿಗಳು, ಭಜನೆಗೊಂದೇ ಇವರಿಗೆ ಬಾಯಿ ಎಂದು ಗೊಣಗಿದಳು.

ಗೊಣಗಿ ಒಳಗೆ ಹೋದವಳು ಗೂಟಕ್ಕೆ ತೂಗುಹಾಕಿದ್ದ ಕೆಂಪು ವಸ್ತ್ರದ ಗಂಟು ಬಿಚ್ಚಿದಳು. ಒಂದು ತಾಳದ ಅಂಚಿನಿಂದ ಬೆರಳುದ್ದದ ಗೀರು ಒಳಕ್ಕೆ ಹೋಗಿತ್ತು. ಬಡಿದು ನೋಡಿದಳು. ಕರ್ ಎಂದು ಸತ್ತ ಸದ್ದು ಬಂತು. ಕುರುಡನೂ ಕಿವಿಯಿಂದ ಕಾಣಬಹುದಾದ ಸೀಳು ಅದು. ಇನ್ನೊಮ್ಮೆ ಬಡಿದಳು. ಆಗ ಅವಳಿಗೆ ಹೊಳೆಯಿತು.

ಇದು ಅವನಿಗೆ ಕೇಳಿಸುತ್ತಿಲ್ಲ. ಕುಕ್ಕರಿನ ಸೀಟಿ ಕೇಳಿಸಿರಲಿಲ್ಲ. ಗುಂಡಿ ಇಳಿದದ್ದು ಕೇಳಿಸಿರಲಿಲ್ಲ, ಗೀರು ಕಣ್ಣಿಗೆ ಬಿದ್ದಿತ್ತು ಅಷ್ಟೇ. ಮಾತು ಕೇಳಿಸುತ್ತದೆ, ಬಸ್ಸು ಕೇಳಿಸುತ್ತದೆ, ಚೂಪಾದದ್ದೆಲ್ಲ ಹೋಗಿಬಿಟ್ಟಿದೆ. ವರ್ಷಗಟ್ಟಲೆ ಎದೆಯ ಹತ್ತಿರ ಹಿಡಿದು ಹೊಡೆದ ತಾಳವೇ ಅವನ ಕಿವಿಯಿಂದ ತಾಳವನ್ನು ತಿಂದುಹಾಕಿದೆ. ಅದನ್ನು ಹುಡುಕಿಕೊಂಡು ಅವನು ಆ ಗುಂಡಿಯನ್ನು ತಿರುಗಿಸುತ್ತಿದ್ದ, ತಿರುಗದಿದ್ದರೂ ಒತ್ತುತ್ತಿದ್ದ. ತಾನು ಅದನ್ನು ಸೊಕ್ಕು ಎಂದಳು, ವೈರು ಕತ್ತರಿಸಿದಳು, ತಂಗಿಗೆ ಫೋನು ಮಾಡಿ ನಕ್ಕಳು. ಮೇಳದವರು ಹೇಡಿಗಳಾದರೆ ತಾನು ಯಾವ ಸೀಮೆಯ ಧೀರೆ? ಅವರು ಬಾಯಿ ಮುಚ್ಚಿಕೊಂಡು ಕೂತರು, ತಾನು ಬಾಯಿಗೆ ಸೆರಗು ತುರುಕಿಕೊಂಡು ಕೂತಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆ ಅವಳಿಗೆ ರೂಢಿಯಿಲ್ಲದ ಕಾರಣ ಮೊದಲು ಅದನ್ನು ಹೊಟ್ಟೆನೋವು ಎಂದುಕೊಂಡಳು.

ಗೋವಿಂದರಾಜ ಹಿಟ್ಟಿನ ಡಬ್ಬಿ ಇಳಿಸಿ, ಕೈಯ ಹಿಟ್ಟು ಝಾಡಿಸಿ, ಎಂದಿನಂತೆ ಸಿಡಿ ಹಾಕಿ ಕೂತ. ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಬಿಚ್ಚಿದ ಕೆಂಪು ಗಂಟನ್ನು ತಂದು ಮುಂದಿಟ್ಟುಕೊಂಡು ಅವನ ಎದುರಿಗೆ ಜಮಖಾನೆಯ ಮೇಲೆ ಕೂತಳು. ಅವನಿಗೆ ಆಶ್ಚರ್ಯವಾಯಿತು.

“ತಾಳ ಕೇಳಸ್ತೈತೇನ್ರಿ?” ಎಂದು ಕೇಳಿದಳು.

“ಮತ್ತ? ಖಣಿಖಣಿ.”

“ಸುಳ್ಳು ಹೇಳಬ್ಯಾಡ್ರಿ. ಸಂಕ್ರಾಂತಿ ಆದಾಗ್ನಿಂದ ಆ ಬಾಕ್ಸಿನ್ಯಾಗ ತಾಳ ಇಲ್ಲ. ಟ್ವೀಟರಿನ ವೈರು ನಾನ ಕತ್ತರಿಸೀನಿ, ಮೌಲಾಹುಸೇನನ ಕಡಿಂದ. ಮತ್ತ ನಿಮ್ಮ ತಾಳ ಸೀಳೈತಿ. ದೀಪಾವಳಿಯಿಂದ ಸೀಳೈತಿ. ಮಾರೆಪ್ಪ ಬಂದು ಹೇಳಿ ಹೋಗ್ಯಾನ. ಈ ಸಲ ಮೊದಲ್ನೇ ತಾಳ ನಿಮಗ ಕೊಡವಲ್ರು.”

ಅವನು ಬೈಯುತ್ತಾನೆ ಎಂದು ಕಾದಳು. ಬೈದರೆ ಒಳ್ಳೆಯದಿತ್ತು. ಅವನು ಎದ್ದು ಸೆಟ್ಟು ಆರಿಸಿದ. ಕೆಂಪು ವಸ್ತ್ರದ ಮೇಲಿದ್ದ ತಾಳವನ್ನು ಎತ್ತಿ, ಅಂಚನ್ನು ಹೆಬ್ಬೆರಳಿನಿಂದ ಸವರಿ ಸೀಳು ಹುಡುಕಿದ. ಸಿಕ್ಕಿತು. ಹೆಬ್ಬೆರಳು ಅಲ್ಲೇ ನಿಂತಿತು.

“ನನಗ ತಾಳ ಕೇಳಸೂದು ಬಿಟ್ಟು ಭಾಳ ದಿನ ಆತು” ಎಂದ. “ಕೈಗೆ ಬಡದದ್ದು ಗೊತ್ತಾಕ್ಕೈತಿ, ಲಯ ಕೈಯಾಗ ಐತಿ. ಸದ್ದು ಬರವಲ್ದು. ಬಾಕ್ಸಿನ್ಯಾಗರ ಕೇಳಸೀತೇನೋ ಅಂತ ಈ ಸೆಟ್ಟು ತಂದೆ. ಅದ್ರಾಗೂ ಬರಲಿಲ್ಲ.”

“ಮತ್ತ ದಿನಾ ಖಣಿಖಣಿ ಖಣಿಖಣಿ ಅಂತ ಒದರ್ತಿದ್ರಿ?”

“ನಿನ್ನ ಮಾರಿ ನೋಡಿ ಹೇಳ್ತಿದ್ದೆ.”

ಕಸ್ತೂರೆಮ್ಮನಿಗೆ ಅರ್ಥವಾಗಲಿಲ್ಲ.

“ಟ್ರೆಬಲ್ ಏರಿಸಿ ಬಾಗಲ ಕಡೆ ನೋಡ್ತಿದ್ದೆ. ತಾಳ ಬಂದ ಕಡೆ ನೀ ಮಾರಿ ಕಿವುಚ್ತಿದ್ದಿ. ಒಂದೊಂದು ಹೊಡತಕ್ಕೂ. ಹಾಂ, ಇಲ್ಲಿ ಬಂತು, ಇಲ್ಲಿ ಬಂತು ಅಂತ ನನಗ ಗೊತ್ತಾಗ್ತಿತ್ತು. ನಿನ್ನ ಕಿವಿಲೆ ನಾ ಕೇಳ್ತಿದ್ದೆ.” ಅವನು ತಾಳವನ್ನು ವಸ್ತ್ರದ ಮೇಲಿಟ್ಟ. “ಸಂಕ್ರಾಂತಿ ಆದಮ್ಯಾಲೆ ಕಿವುಚೂದು ಬಿಟ್ಟಿ. ಬಾಗಿಲಾಗ ನಿಂತು ನಕ್ಕೋತ ಕೇಳಾಕ ಹತ್ತಿದಿ. ನಾ ಅಂದ್ಕೊಂಡೆ, ಇಷ್ಟು ವರ್ಷಕ್ಕ ನಿನಗ ನನ್ನ ತಾಳ ಹಿಡಿಸ್ತು ಅಂತ.”

ಅವಳಿಗೆ ಕರದಂಟು ನೆನಪಾಯಿತು. ಅವನ ಮೇಲೆ ಸಿಟ್ಟು ಬಂತು, ಇದನ್ನೊಂದು ಮಾತು ಮೊದಲೇ ಬಾಯಿಬಿಟ್ಟು ಹೇಳದ ಗುಮಾಸ್ತನ ಮೇಲೆ. ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಳು ಬಂದದ್ದನ್ನು ಮಾತ್ರ ಅವನಿಗೆ ತೋರಿಸಬಾರದೆಂದು ಎದ್ದು ಹೋಗಿ, ಬೇಕಿಲ್ಲದಿದ್ದರೂ ಚಹಾಕ್ಕೆ ಇಟ್ಟಳು.

ಮರುದಿನ ಇಬ್ಬರೂ ಕೊಪ್ಪಳಕ್ಕೆ ಹೋದರು. ಕಂಚು ಹಿತ್ತಾಳೆಯ ಭಾಂಡೆ ಅಂಗಡಿಯವನು ತಾಳದ ಜೋಡಿಗಳನ್ನು ಗಾಜಿನ ಕಪಾಟಿನಿಂದ ತೆಗೆದು ಸಾಲಾಗಿ ಇಟ್ಟ. ಗೋವಿಂದರಾಜ ಒಂದೊಂದನ್ನೇ ಬಡಿದು ಹೆಂಡತಿಯ ಮುಖ ನೋಡಿದ. ಕೆಲವಕ್ಕೆ ಅವಳು ಸುಮ್ಮನೆ ನಿಂತಳು, ಕೆಲವಕ್ಕೆ ಹುಬ್ಬು ಗಂಟಿಕ್ಕಿದಳು. ಒಂದು ಜೋಡಿಗೆ ಮಾತ್ರ ಹಲ್ಲು ಕಚ್ಚಿ ಕಣ್ಣು ಮುಚ್ಚಿ, “ಶಿವ ಶಿವ, ಇದನ್ನ ಒಳಗ ಇಡ್ರಿ” ಎಂದಳು. ಅವನು ಅದನ್ನೇ ಕಟ್ಟಿಸಿದ. ಹೆಂಗಸು ಬೇಡ ಎಂದ ತಾಳವನ್ನೇ ಕೊಂಡ ಈ ಮುದುಕನನ್ನು ಅಂಗಡಿಯವನು ಬಾಯಿ ಬಿಟ್ಟು ನೋಡಿದ.

ಬಸ್ಸಿನಲ್ಲಿ ಅವಳು, “ಮೌಲಾಹುಸೇನಗ ಹೇಳಿ ವೈರು ಜೋಡಸ್ಲೇನು?” ಎಂದು ಕೇಳಿದಳು.

“ಬ್ಯಾಡ. ನಿನ್ನ ತಲಿಯರ ತಣ್ಣಗಿರ್ಲಿ” ಎಂದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮಾರೆಪ್ಪನ ಜೊತೆ ಮಾತಾಡುವ ಕೆಲಸವನ್ನು ಅವಳೇ ಮಾಡಿದಳು. ಫೋನು ಮಾಡಿ, ತಾಳ ಹೊಸದು, ಕೈ ಹಳೆಯದು, ಮೊದಲ ತಾಳ ಬೇರೆಯವರು ಹೊಡೆದರೆ ತಾನು ಗುಡಿಯ ಮೆಟ್ಟಿಲ ಮೇಲೆ ಕೂತು ದೀಪಾವಳಿಯಿಂದ ಬಾಯಿ ಮುಚ್ಚಿಕೊಂಡವರ ಹೆಸರನ್ನೆಲ್ಲ ಒದರುತ್ತೇನೆ ಎಂದಳು. ಮಾರೆಪ್ಪ ಆಗಲೆಂದ. ಆಗಲಾರದು ಎನ್ನುವ ಎದೆ ಅವನಿಗೆ ಎಲ್ಲಿತ್ತು?

ಸಪ್ತಾಹದ ಬೆಳಗ್ಗೆ ಕಸ್ತೂರೆಮ್ಮ ಪ್ರಸಾದದ ಒಲೆಯ ಹತ್ತಿರ ಹೋಗಲಿಲ್ಲ. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಗಂಡನ ನೇರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮೇಳದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಹುಡುಗರು ನಗಲು ತಯಾರಾಗಿದ್ದರು. ಮಾರೆಪ್ಪ ಹಾರ್ಮೋನಿಯಂನ ಸ್ವರ ಹಿಡಿದು ನಿಲ್ಲಿಸಿದ. ಗೋವಿಂದರಾಜನ ಕೈ ಮೇಲೆದ್ದಿತು. ಹನುಮಪ್ಪನ ಕಡೆ ನೋಡಬೇಕಾದವನು ಹೆಂಡತಿಯ ಕಡೆ ನೋಡಿದ, ತಾಳ ಹೊಡೆದ.

ಆ ಸದ್ದು ಗುಡಿಯ ಕಲ್ಲಿನ ಗೋಡೆಗೆ ಬಡಿದು ನೆಟ್ಟಗೆ ಕಸ್ತೂರೆಮ್ಮನ ಹಲ್ಲಿಗೆ ಬಂತು. ಅವಳು ಹಸಿ ಹುಣಸೆಕಾಯಿ ಕಚ್ಚಿದವಳಂತೆ, ಇಷ್ಟು ವರ್ಷ ಅವನ ಮೇಲೆ ಕೂಡಿಟ್ಟಿದ್ದ ತಾತ್ಸಾರವನ್ನೆಲ್ಲ ಒಟ್ಟು ಮಾಡಿ, ಊರೆಲ್ಲ ನೋಡುತ್ತಿರುವಾಗ ಮುಖ ಕಿವುಚಿದಳು. ಪಕ್ಕದಲ್ಲಿದ್ದ ಮುದುಕವ್ವ ಗಾಬರಿಯಾಗಿ, “ಏನಾತಬೇ?” ಎಂದು ಮೊಣಕೈ ಹಿಡಿದಳು. ಎದುರಿಗೆ ಗೋವಿಂದರಾಜ ಆ ಮುಖವನ್ನು ಕಂಡು ನಕ್ಕ, ಎರಡನೇ ತಾಳ ಹೊಡೆದ. ಅವಳು ಅದಕ್ಕೂ ಕಿವುಚಿದಳು.